ಗೇಮ್ ಬಾಯ್ ಪರದೆಯಲ್ಲಿ ಗೆರೆ ಯಾಕೆ ಮಾಯವಾಗುತ್ತದೆ?

ಜಾತ್ರೆಯ ಆಟಿಕೆ ಅಂಗಡಿಯಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ. ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟ, ಅದನ್ನೇ ವೇಗ ಬದಲಿಸಿ ಬದಲಿಸಿ ಲೆಕ್ಕ ಹೆಚ್ಚಿಸಿದ್ದು. ಸ್ವಲ್ಪ ದಿನ ಆಡಿದ ಮೇಲೆ ಪರದೆಯಲ್ಲಿ ಒಂದು ಸಾಲು ಚೌಕ ಕಾಣದಾಗುತ್ತಿತ್ತು. ‘ಡಿಸ್‌ಪ್ಲೇ ಹೋಯ್ತು’ ಎಂದು ಮೂಲೆಗೆ ಹಾಕುತ್ತಿದ್ದೆವು. ಬಹಳಷ್ಟು ಸಲ ಡಿಸ್‌ಪ್ಲೇ ಹೋಗಿರುತ್ತಲೇ ಇರಲಿಲ್ಲ. ಅದು ಯಾಕೆ ಎಂದು ತಿಳಿಯಬೇಕಾದರೆ ಈ ಬೂದು ಪರದೆ ಆಟದ ಯಂತ್ರಕ್ಕೆ ಹೇಗೆ ಬಂತು ಎಂಬ ಕತೆಗೆ ಹೋಗಬೇಕು. ಕತೆ ನಡೆದದ್ದು ಜಪಾನಿನಲ್ಲಿ.

ಕ್ಯೋಟೋ ನಗರದ ನಿಂಟೆಂಡೊ 1889ರಲ್ಲಿ ಶುರುವಾದದ್ದು ಇಸ್ಪೀಟಿನಂಥ ಎಲೆ ಮಾಡುವ ಕಂಪನಿಯಾಗಿ. 1965ರಲ್ಲಿ ಆ ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಗುನ್ಪೇ ಯೊಕೊಯ್ ಎಂಬ ಯುವಕ ಸೇರಿದರು. ಮುಂದೆ ಆಟಿಕೆ ಮಾಡತೊಡಗಿದರು. ಒಮ್ಮೆ ಬುಲೆಟ್ ರೈಲಿನಲ್ಲಿ ಒಬ್ಬ ನೌಕರ ಹೊತ್ತು ಹೋಗದೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನು ನೋಡಿ, ಜೇಬಿನಲ್ಲಿಡುವ ಆಟದ ಯಂತ್ರದ ಯೋಚನೆ ಅವರಿಗೆ ಬಂತಂತೆ. 1973ರಲ್ಲೇ ಶಾರ್ಪ್ ಕಂಪನಿ ಎಲ್‌ಸಿಡಿ ಪರದೆಯ ಕ್ಯಾಲ್ಕುಲೇಟರ್ ತಂದಿತ್ತು. ಎಲ್ಲರೂ ಅದನ್ನೇ ಮಾಡತೊಡಗಿ ಪರದೆ ಅಗ್ಗವಾಗಿತ್ತು. ಹಳತಾಗಿ, ಅಗ್ಗವಾಗಿ, ಸ್ವಭಾವ ಪೂರ್ತಿ ಗೊತ್ತಾದ ತಂತ್ರಜ್ಞಾನವನ್ನು ಹೊಸ ಕಡೆ ಬಳಸುವುದು ಯೊಕೊಯ್ ಅವರ ಪದ್ಧತಿ. ಹಾಗೆ 1980ರಲ್ಲಿ ‘ಗೇಮ್ ಆಂಡ್ ವಾಚ್’ ಬಂತು. ಒಟ್ಟು 4 ಕೋಟಿಗೂ ಹೆಚ್ಚು ಮಾರಾಟವಾಯಿತು.

ಪರದೆಯ ತಕರಾರು ಆಗಲೇ ಶುರು. ಎರಡು ನುಣುಪು ಪದರ ಒಂದಕ್ಕೊಂದು ತೀರಾ ಹತ್ತಿರ ಬಂದರೆ ನಡುವೆ ನೀರಿನ ಮೇಲೆ ಎಣ್ಣೆ ಬಿದ್ದಂತೆ ಬಣ್ಣದ ಉಂಗುರ ಕಾಣುತ್ತದೆ. ಗೇಮ್ ಆಂಡ್ ವಾಚ್ ಪರದೆಯಲ್ಲೂ ಅದೇ ಆಯಿತು. ಒಂದು ಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು ಚುಕ್ಕೆ ಮೂಡಿಸಿ, ಎರಡೂ ಅಂಟಿಕೊಳ್ಳದಂತೆ ಮಾಡಿದರು. ಅಲ್ಲಿಗೆ ಉಂಗುರ ಹೋಯಿತು.

ಇದಕ್ಕಿಂತ ದೊಡ್ಡ ಗಂಡಾಂತರ ಗೇಮ್ ಬಾಯ್‌ನ ವೇಳೆಗೆ. ಮೊದಲು ಆರಿಸಿದ ಪರದೆ ಟಿಎನ್ ಎಂಬ ಜಾತಿಯದು. ಸ್ವಲ್ಪ ಓರೆ ಹಿಡಿದರೆ ಚಿತ್ರ ಮಂಕು. ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ನೋಡಿ, ಇದರಲ್ಲಿ ಏನೂ ಕಾಣುವುದಿಲ್ಲ ಎಂದುಬಿಟ್ಟರು. ಯಂತ್ರವೇ ನಿಂತುಹೋಗುವ ಸ್ಥಿತಿ. ಕೊನೆಗೆ ಶಾರ್ಪ್‌ನವರ ಎಸ್‌ಟಿಎನ್ ಎಂಬ ಸುಧಾರಿತ ಪರದೆ ಹಾಕಿ ಉಳಿಸಿಕೊಂಡರು. 1989ರ ಏಪ್ರಿಲ್ 21ರಂದು ಗೇಮ್ ಬಾಯ್ ಜಪಾನಿನಲ್ಲಿ ಮಾರಾಟಕ್ಕೆ ಬಂತು, ಬೆಲೆ 12,500 ಯೆನ್. ಅಡ್ಡ 160 ಚುಕ್ಕೆ, ಉದ್ದ 144 ಚುಕ್ಕೆ, ನಾಲ್ಕೇ ಛಾಯೆ. ಹಿಂದೆ ದೀಪವಿಲ್ಲ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹತ್ತು ಗಂಟೆಗೂ ಹೆಚ್ಚು ಆಡಬಹುದು.

ಎದುರಾಳಿಗಳ ಪರದೆ ಚೆನ್ನಾಗಿತ್ತು. 1990ರಲ್ಲಿ ಬಂದ ಸೆಗಾ ಕಂಪನಿಯ ಗೇಮ್ ಗೇರ್‌ಗೆ ಬಣ್ಣವೂ ಇತ್ತು, ಹಿಂದೆ ದೀಪವೂ ಇತ್ತು. ಆರು ಸೆಲ್ ನುಂಗಿ ನಾಲ್ಕೈದು ಗಂಟೆಯೊಳಗೆ ಮಲಗುತ್ತಿತ್ತು. ಇವತ್ತು ಹಳೆ ಗೇಮ್ ಗೇರ್ ಆನ್ ಮಾಡಿದರೆ ಸಾಮಾನ್ಯವಾಗಿ ಕಾಣುವುದು ಮಸುಕು ಪರದೆ, ಕೇಳುವುದು ಸಣ್ಣ ದನಿ. ಕಾರಣ ಪರದೆಯಲ್ಲ, ಬೋರ್ಡಿನ ಮೇಲಿನ ಕೆಪಾಸಿಟರ್‌ಗಳು. ಒಳಗಿನ ದ್ರವ ಸೋರಿ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಹತ್ತಿಪ್ಪತ್ತು ಕೆಪಾಸಿಟರ್ ಬದಲಿಸಿದರೆ ಬಹಳಷ್ಟು ಬದುಕುತ್ತವೆ, ಆದರೆ ಅದು ಕೈ ಪಳಗಿದವರ ಕೆಲಸ.

ಗೇಮ್ ಬಾಯ್‌ನ ಕಾಯಿಲೆ ಬೇರೆ. ಮೇಲಿಂದ ಕೆಳಗೆ ಒಂದು ನೆಟ್ಟಗಿನ ಗೆರೆ ಖಾಲಿ. ಮೊದಲು ಅಂಚಿನಲ್ಲಿ ಒಂದು, ಆಮೇಲೆ ಪಕ್ಕದ್ದು, ಆಮೇಲೆ ನಾಲ್ಕಾರು. ಗಾಜು ಹಾಳಾಗಿದ್ದರೆ ಹೀಗೆ ಅಳತೆ ಹಾಕಿದಂತೆ ಹೋಗುವುದಿಲ್ಲ, ಕಪ್ಪು ಮಸಿ ಹರಡಿದಂತಿರುತ್ತದೆ. ಪರದೆಯ 160 ಕಂಬಸಾಲಿಗೂ ಒಂದೊಂದು ಎಳೆ ಬೇಕು. ಈ ಎಳೆಗಳೆಲ್ಲ ಹಳದಿ ಬಣ್ಣದ ತೆಳು ಪಟ್ಟಿಯೊಂದರಲ್ಲಿ ಬಂದು ಪರದೆಯ ಕೆಳ ಅಂಚಿಗೆ ಸೇರುತ್ತವೆ. ಪಟ್ಟಿಯನ್ನು ಬಿಸಿ ಒತ್ತಿ ಅಂಟಿಸಿರುತ್ತಾರೆ. ಮೂವತ್ತು ವರ್ಷದ ಬಿಸಿಲು, ಚಳಿ, ಕೈಜಾರಿ ಬಿದ್ದ ಪೆಟ್ಟಿಗೆ ಆ ಅಂಟು ಒಂದೊಂದೇ ಎಳೆಯಲ್ಲಿ ಬಿಡುತ್ತದೆ. ಒಂದು ಎಳೆ ಬಿಟ್ಟರೆ ಆ ಸಾಲಿನ 144 ಚುಕ್ಕೆಯೂ ಕುರುಡು. ಹೊಲದಲ್ಲಿ ಒಂದು ಡ್ರಿಪ್ ಪೈಪಿನ ಬಾಯಿ ಕಳಚಿಕೊಂಡರೆ ಆ ಸಾಲಿನ ಗಿಡವೆಲ್ಲ ಒಣಗಿದ ಹಾಗೆ. ಬಾವಿಯಲ್ಲಿ ನೀರಿದೆ, ಗಿಡವೂ ಸರಿಯಿದೆ.

ರಿಪೇರಿ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕವಚದ ಸ್ಕ್ರೂಗೆ ಮೂರು ಕವಲಿನ ಸ್ಕ್ರೂಡ್ರೈವರ್ ಬೇಕು. ಎರಡು ಹೋಳನ್ನು ನಿಧಾನ ಬಿಡಿಸಬೇಕು, ನಡುವೆ ಅಗಲದ ರಿಬ್ಬನ್ ಕೇಬಲ್ ಇದೆ, ಜಗ್ಗಿದರೆ ಕಿತ್ತೇ ಹೋಗುತ್ತದೆ. ಪರದೆಯ ಕೆಳ ಅಂಚಿನ ಪಟ್ಟಿಯ ಮೇಲೆ, ಅಂಟಿಸಿದ ಜಾಗದಲ್ಲಿ, ಕಡಿಮೆ ಬಿಸಿಯ ಸೋಲ್ಡರಿಂಗ್ ಐರನ್ ಅನ್ನು ಮೆಲ್ಲಗೆ ಒತ್ತಿ ಎಳೆಯಬೇಕು. ಹಳೆ ಅಂಟು ಮೆತ್ತಗಾಗಿ ಮತ್ತೆ ಹಿಡಿದುಕೊಳ್ಳುತ್ತದೆ. ಯಂತ್ರ ಆನ್ ಇಟ್ಟುಕೊಂಡೇ ಮಾಡಿದರೆ ಹೋದ ಗೆರೆ ಕಣ್ಣೆದುರೇ ಮೂಡಿಬರುತ್ತದೆ. ಬಿಸಿ ಹೆಚ್ಚಾದರೆ ಪಟ್ಟಿ ಸುಡುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಅಡ್ಡ ಗೆರೆ ಹೋಗಿದ್ದರೆ ತೊಂದರೆ ಪಕ್ಕದ ಅಂಚಿನದು. ಅದು ಕಷ್ಟದ್ದು, ಎಲ್ಲವೂ ಸರಿಹೋಗುವುದಿಲ್ಲ.

ಬ್ರಿಕ್ ಗೇಮ್, ಕ್ಯಾಲ್ಕುಲೇಟರ್‌ಗಳಲ್ಲಿ ಕೆಲವದರಲ್ಲಿ ಅಂಟಿನ ಬದಲು ‘ಜೀಬ್ರಾ’ ಎಂಬ ರಬ್ಬರ್ ಪಟ್ಟಿ ಇರುತ್ತದೆ. ಕರೆಂಟ್ ಹರಿಯುವ ಕಪ್ಪು ಪದರ, ಹರಿಯದ ಬಿಳಿ ಪದರ ಒಂದಾದ ಮೇಲೊಂದು. ಅದು ಬರೀ ಒತ್ತಡದಿಂದ ನಿಂತಿರುತ್ತದೆ. ಸ್ಕ್ರೂ ಸಡಿಲವಾದರೆ, ನಡುವೆ ಧೂಳು ಕೂತರೆ ಸಾಲು ಮಾಯ. ರಬ್ಬರನ್ನೂ ಅದು ಕೂರುವ ಜಾಗವನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಸ್ಕ್ರೂಗಳನ್ನು ಸಮನಾಗಿ ಬಿಗಿದರೆ ಸಾಕು. ಮೊಬೈಲ್ ರಿಪೇರಿಯವರು ಐಪಿಎ ಎನ್ನುವುದು ಇದಕ್ಕೇ. ನಾವು ಮೂಲೆಗೆಸೆದ ಆಟಿಕೆಗಳ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಪರದೆಯದು ಎಂದು ಕಂಡರೂ ಪರದೆಯದಲ್ಲದ ತೊಂದರೆ ಇನ್ನೊಂದಿದೆ. ಗೇಮ್ ಬಾಯ್ ಆನ್ ಮಾಡಿದಾಗ ಕಂಪನಿಯ ಹೆಸರು ಮೇಲಿಂದ ಇಳಿಯುತ್ತದೆ. ಕೆಲವು ಸಲ ಹೆಸರಿನ ಬದಲು ಕಪ್ಪು ಪಟ್ಟಿ ಇಳಿದು ಯಂತ್ರ ಅಲ್ಲೇ ನಿಲ್ಲುತ್ತದೆ. ಆ ಹೆಸರಿನ ಚಿತ್ರವನ್ನು ಯಂತ್ರ ಆಟದ ಕ್ಯಾಸೆಟ್‌ನಿಂದ ಓದಿ, ತನ್ನಲ್ಲಿರುವ ಪ್ರತಿಯೊಂದಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಮುಂದೆ ಹೋಗುವುದಿಲ್ಲ. ಅನುಮತಿಯಿಲ್ಲದ ಕ್ಯಾಸೆಟ್ ತಡೆಯಲು ಇಟ್ಟ ಈ ಬೀಗವೇ ಈಗ ರೋಗ ಹೇಳುವ ಡಾಕ್ಟರ್. ಕಪ್ಪು ಪಟ್ಟಿ ಬಂತೆಂದರೆ ಸಾಮಾನ್ಯವಾಗಿ ಕ್ಯಾಸೆಟ್‌ನ ಹಲ್ಲಿಗೆ ಕೊಳೆ. ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸಿ. ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ತುಕ್ಕು ಬರುತ್ತದೆ.

ಯೊಕೊಯ್ 1996ರಲ್ಲಿ ನಿಂಟೆಂಡೊ ಬಿಟ್ಟು, ಮರುವರ್ಷ ಅಕ್ಟೋಬರ್ 4ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಗೇಮ್ ಬಾಯ್ ಮತ್ತು 1998ರ ಬಣ್ಣದ ಗೇಮ್ ಬಾಯ್ ಸೇರಿ 11 ಕೋಟಿ 86 ಲಕ್ಷ ಮಾರಾಟವಾದವು. ಹಳೆಯವು ಇನ್ನೂ ಆಡುತ್ತಿವೆ, ಅದಕ್ಕೆ ಅವರು ಆರಿಸಿದ ಬಡ ಪರದೆಯೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ. ದೀಪವಿಲ್ಲದ ಮೇಲೆ ಸುಟ್ಟುಹೋಗುವ ದೀಪವೂ ಇಲ್ಲ.

ಬಿಸಿಲಿಗೆ ಬಿಟ್ಟ ಯಂತ್ರಗಳಲ್ಲಿ ಪರದೆಯ ನಡುವೆ ಕಪ್ಪು ಕಲೆ ಬೀಳುವುದುಂಟು. ಅದೂ ಬಹುಪಾಲು ಗಾಜಿನದಲ್ಲ, ಮೇಲಿನ ಪೋಲರೈಸರ್ ಹಾಳೆ ಸುಟ್ಟದ್ದು. ಬೆಳಕನ್ನು ಒಂದೇ ದಿಕ್ಕಿನಲ್ಲಿ ಬಿಡುವ ಹಾಳೆ ಅದು. ಅಂಚಿನಿಂದ ನಿಧಾನ ಸುಲಿದು, ಉಳಿದ ಅಂಟು ಒರೆಸಿ, ಹೊಸದನ್ನು ಕತ್ತರಿಸಿ ಹಚ್ಚುತ್ತಾರೆ. ಹಚ್ಚುವ ಮೊದಲು ಆಟ ಆನ್ ಮಾಡಿ ಹಾಳೆಯನ್ನು ತಿರುಗಿಸಿ ನೋಡಿ: ಕಾಲು ಸುತ್ತು ತಪ್ಪಿದರೆ ಕಪ್ಪೆಲ್ಲ ಬಿಳುಪಾಗಿ, ಬಿಳುಪೆಲ್ಲ ಕಪ್ಪಾಗಿ ಕಾಣುತ್ತದೆ. ಕೆಲವರು ಬೇಕೆಂದೇ ಹಾಗೆ ಅಂಟಿಸಿಕೊಳ್ಳುತ್ತಾರೆ.