ಕತ್ತರಿಸದೆ ಉಳಿದ ಕೂಪನ್‌ಗಳು: 1911ರ ಹೂಕ್ವಾಂಗ್ ರೈಲ್ವೆ ಸಾಲಪತ್ರಗಳ ಸಂಗ್ರಹ ಮತ್ತು ಚರಿತ್ರೆ

ಹಳೆಯ ಷೇರುಪತ್ರ ಹಾಗೂ ಸಾಲಪತ್ರಗಳನ್ನು ಚಾರಿತ್ರಿಕ ದಾಖಲೆಗಳೆಂದು ಕೂಡಿಡುವ ಹವ್ಯಾಸವು 1970ರ ದಶಕದಲ್ಲಿ ಯುರೋಪಿನಲ್ಲಿ ವ್ಯವಸ್ಥಿತ ರೂಪ ತಳೆದು ಸ್ಕ್ರಿಪೋಫಿಲಿ ಎಂಬ ಹೆಸರು ಪಡೆಯಿತು. ಝಾರ್ ದೊರೆಗಳ ಕಾಲದ ರಷ್ಯನ್ ರೈಲ್ವೆ ಬಾಂಡುಗಳಷ್ಟೇ ಚೀನಾದ ಬಾಂಡುಗಳೂ ಈ ವಲಯದಲ್ಲಿ ಮೊದಲಿನಿಂದ ಬೇಡಿಕೆಯಲ್ಲಿವೆ. ಅವುಗಳ ಪೈಕಿ ಹೂಕ್ವಾಂಗ್ ರೈಲ್ವೆಯ ಶೇಕಡಾ 5ರ ಚಿನ್ನದ ಸಾಲದ ಪತ್ರಗಳು ಒಂದು ರಾಜವಂಶದ ಪತನದೊಂದಿಗೆ ನೇರವಾಗಿ ತಳಕು ಹಾಕಿಕೊಂಡಿರುವುದರಿಂದ ಬೇರೆಯೇ ತೂಕ ಪಡೆದಿವೆ.

ಹ್ಯಾಂಕೋವಿನಿಂದ ದಕ್ಷಿಣಕ್ಕೆ ಕ್ಯಾಂಟನ್ ಕಡೆಗೂ ಪಶ್ಚಿಮಕ್ಕೆ ಸಿಚುವಾನ್ ಕಡೆಗೂ ಸಾಗಬೇಕಿದ್ದ ಮಾರ್ಗಗಳನ್ನು ಪ್ರಾಂತೀಯ ಕಂಪನಿಗಳು ಸ್ಥಳೀಯ ಬಂಡವಾಳದಿಂದ ನಿರ್ಮಿಸಲು ಹೊರಟಿದ್ದವು. ಸಿಚುವಾನಿನಲ್ಲಿ ಆ ಬಂಡವಾಳದ ಬಹುಭಾಗವನ್ನು ಭೂಮಿಯ ಗೇಣಿಯ ಮೇಲಿನ ವಂತಿಗೆಯಿಂದಲೇ ಎತ್ತಿದ್ದರಿಂದ ಸಣ್ಣ ಹಿಡುವಳಿದಾರರೂ ಷೇರುದಾರರಾಗಿದ್ದರು. 1911ರ ಮೇ 9ರಂದು ಚಿಂಗ್ ಸರ್ಕಾರ ಈ ಮಾರ್ಗಗಳನ್ನು ರಾಷ್ಟ್ರೀಕರಿಸಿತು. ಮೇ 20ರಂದು, ಸಂಪರ್ಕ ಸಚಿವ ಷೆಂಗ್ ಷುವಾನ್‌ಹುವಾಯ್ ಮುಂದಾಳತ್ವದಲ್ಲಿ, ಬ್ರಿಟನ್, ಜರ್ಮನಿ, ಫ್ರಾನ್ಸ್ ಮತ್ತು ಅಮೆರಿಕಗಳ ಬ್ಯಾಂಕುಗಳ ಕೂಟದಿಂದ ಈ ಹೂಕ್ವಾಂಗ್ ಮಾರ್ಗಗಳಿಗಾಗಿ 60 ಲಕ್ಷ ಪೌಂಡ್ ಸಾಲ ಪಡೆಯುವ ಒಪ್ಪಂದಕ್ಕೆ ಸಹಿ ಬಿತ್ತು. ತಮ್ಮ ಹಣಕ್ಕೆ ನ್ಯಾಯವಾದ ಪರಿಹಾರ ಸಿಗಲಿಲ್ಲವೆಂದು ಸಿಚುವಾನಿನ ಷೇರುದಾರರು ದಂಗೆಯೆದ್ದಾಗ ಅದನ್ನು ಹತ್ತಿಕ್ಕಲು ಹುಬೈಯಿಂದ ಸೇನೆ ಹೋಯಿತು. ಅದರಿಂದ ಕಾವಲು ತೆಳುವಾದ ಹುಬೈಯ ವುಚಾಂಗಿನಲ್ಲಿ ಅಕ್ಟೋಬರ್ 10ರಂದು ಕ್ರಾಂತಿ ಸಿಡಿಯಿತು. ಅಂದರೆ ಸಾಲಕ್ಕೆ ಮುದ್ರೆಯೊತ್ತಿದ ಪ್ರಭುತ್ವವನ್ನು ಉರುಳಿಸುವುದರಲ್ಲಿ ಆ ಸಾಲದ ಪಾಲೇ ದೊಡ್ಡದು.

ಚೀನಾದಲ್ಲಿ ಚಲಾವಣೆಯಲ್ಲಿದ್ದುದು ಬೆಳ್ಳಿ. ಆದರೆ ಚಿನ್ನದ ಸಾಲವೆಂದರೆ ಅಸಲು, ಬಡ್ಡಿಗಳೆರಡನ್ನೂ ಚಿನ್ನಕ್ಕೆ ಬೆಸೆದ ಪೌಂಡಿನಲ್ಲಿ ತೀರಿಸಬೇಕಾದ್ದರಿಂದ ವಿನಿಮಯ ದರದ ಏರಿಳಿತದ ಹೊರೆಯೆಲ್ಲ ಸಾಲಗಾರನ ಹೆಗಲಿಗೇ ಬೀಳುತ್ತಿತ್ತು. ಸಾಲದ ಅವಧಿ 40 ವರ್ಷ. ಪತ್ರದ ಜೊತೆಗಿದ್ದ ಹಾಳೆಯಿಂದ ಆರು ತಿಂಗಳಿಗೊಮ್ಮೆ ಕೂಪನ್ ಎಂಬ ಸಣ್ಣ ಬಡ್ಡಿಚೀಟಿಯನ್ನು ಕತ್ತರಿಸಿ ಬ್ಯಾಂಕಿಗೆ ಕೊಟ್ಟು ಬಡ್ಡಿ ಪಡೆಯುವುದು ಪದ್ಧತಿಯಾಗಿತ್ತು. ಅಂತರ್ಯುದ್ಧ ಹಾಗೂ ಜಪಾನಿನ ಆಕ್ರಮಣಗಳ ನಡುವೆ 1930ರ ದಶಕದಲ್ಲಿ ಪಾವತಿ ನಿಂತಿತು. ಹೀಗಾಗಿ ಕತ್ತರಿಯ ಅಂಚು ಎಲ್ಲಿ ಕೊನೆಗೊಂಡಿದೆ, ಎಷ್ಟು ಚೀಟಿಗಳು ಉಳಿದಿವೆ ಎಂಬುದರಿಂದಲೇ ಆಯಾ ಪತ್ರದ ಬಾಳನ್ನು ಓದಬಹುದು. ಚೌಕಟ್ಟಿಗೆ ಹೊಂದಿಸಲೆಂದು ಕೂಪನ್ ಹಾಳೆಯನ್ನು ಬೇರ್ಪಡಿಸುವ ಕೆಲವು ಮಾರಾಟಗಾರರ ರೂಢಿ ಈ ಕಾರಣದಿಂದ ಅಕ್ಷಮ್ಯ. ಪತ್ರದ ಮುಖಕ್ಕೆ ಅಲಂಕಾರದ ಬೆಲೆಯಿರಬಹುದು, ಸಾಕ್ಷ್ಯದ ಬೆಲೆಯಿರುವುದು ಆ ಹಾಳೆಗೆ.

ಅಸಲು ತೀರಬೇಕಿದ್ದ 1951ರಲ್ಲಿ ಬೀಜಿಂಗಿನಲ್ಲಿ ಹೊಸ ಪ್ರಭುತ್ವವಿತ್ತು; ಅದು ಸಾಲ ತೀರಿಸಲಿಲ್ಲ. 1979ರಲ್ಲಿ ಅಮೆರಿಕದ ಬಾಂಡುದಾರರು ಅಲಬಾಮದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಚೀನಾ ಹಾಜರಾಗದ ಕಾರಣ 1982ರಲ್ಲಿ 4.1 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತಕ್ಕೆ ಏಕಪಕ್ಷೀಯ ತೀರ್ಪು ಬಂದಿತು. ಆದರೆ ವಿದೇಶಿ ಸರ್ಕಾರಗಳ ವಿನಾಯಿತಿ ಕುರಿತ 1976ರ ಕಾಯಿದೆ ಅಷ್ಟು ಹಳೆಯ ವ್ಯವಹಾರಕ್ಕೆ ಪೂರ್ವಾನ್ವಯವಾಗದೆಂದು 1984ರಲ್ಲಿ ಅದೇ ನ್ಯಾಯಾಲಯ ತೀರ್ಪನ್ನು ರದ್ದುಗೊಳಿಸಿತು. 1986ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 1987ರಲ್ಲಿ ಬ್ರಿಟನ್ನಿನೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಚೀನಾ ಹಳೆಯ ಹಕ್ಕೊತ್ತಾಯಗಳಿಗಾಗಿ 2.35 ಕೋಟಿ ಪೌಂಡ್ ಕೊಡಲೊಪ್ಪಿತಾದರೂ ಅಮೆರಿಕದ ಬಾಂಡುದಾರರಿಗೆ ಅದರಲ್ಲಿ ಪಾಲಿರಲಿಲ್ಲ. ಚೀನಾ ಎಂದಾದರೂ ಪೂರ್ಣ ಮೊತ್ತ ಕೊಟ್ಟೀತೆಂದು ನಂಬಿಸಿ ಈ ಪತ್ರಗಳನ್ನು ಮಾರುವವರು ಈಗಲೂ ಇದ್ದಾರೆ. ಸಂಗ್ರಾಹಕನು ತೆರುವ ಬೆಲೆಯಾದರೋ ಕಾಗದ, ಮುದ್ರಣ ಮತ್ತು ಕೂಪನ್‌ಗಳ ಸ್ಥಿತಿಗೆ ಸಲ್ಲುವ ಬೆಲೆ.