ಪರರ ನಂಬಿಕೆಯನ್ನು ಹೇಳುವಾಗ

ಇನ್ನೊಬ್ಬರ ನಂಬಿಕೆಯನ್ನು ನೀವು ವಿವರಿಸಿದರೆ ಅವರು ಅದನ್ನು ತಮ್ಮದೆಂದು ಒಪ್ಪುವರೇ?

ಕ್ರಿ.ಶ. 973ರಲ್ಲಿ ಜನಿಸಿದ ವಿದ್ವಾಂಸ ಅಲ್‌ಬಿರೂನಿ 1030ರ ಸುಮಾರಿಗೆ ಬರೆದ 'ಕಿತಾಬುಲ್ ಹಿಂದ್'ನ ಮುನ್ನುಡಿಯಲ್ಲಿ ಒಂದು ಪ್ರಸಂಗವಿದೆ. ಅಲ್ಲಾಹನು ತನ್ನಿಂದ ತಾನೇ ಸರ್ವಜ್ಞನೆಂಬುದು ಮುಅ್‌ತಝಿಲಾ ಪಂಥದವರ ವಾದ. ಗ್ರಂಥಕಾರನೊಬ್ಬ ಅದನ್ನೇ 'ಅಲ್ಲಾಹನಿಗೆ ಜ್ಞಾನವಿಲ್ಲ' ಎಂಬರ್ಥ ಬರುವಂತೆ ಬರೆದ. ಅವರು ಅಲ್ಲಾಹನನ್ನು ಅಜ್ಞಾನಿಯೆನ್ನುವರೆಂದು ಸಾಮಾನ್ಯರು ತಿಳಿಯುವಂತಾಯಿತು.

ಬಿರೂನಿ ಹಾಗೆ ಮಾಡಲಿಲ್ಲ. ಸಂಸ್ಕೃತ ಕಲಿತರು, ಪತಂಜಲಿಯ ಯೋಗಸೂತ್ರವನ್ನು ಅರಬಿಗೆ ತಂದರು. ತಮ್ಮದು ಖಂಡನಗ್ರಂಥವಲ್ಲ, ಹಿಂದೂಗಳ ಮಾತನ್ನು ಇದ್ದಂತೆಯೇ ತಿಳಿಸುವೆನೆಂದು ಸ್ಪಷ್ಟಪಡಿಸಿದರು.

ಹೇಳಿದ ಮಾತ್ರಕ್ಕೆ ಒಪ್ಪಿದಂತಲ್ಲ. ಆದರೆ ತಿರುಚಿದ ನಂಬಿಕೆಯನ್ನು ಖಂಡಿಸಿದರೆ ಸೋಲುವುದು ನಮ್ಮದೇ ಕಲ್ಪನೆ, ಅವರ ವಾದವಲ್ಲ. ಆದ್ದರಿಂದ ಮೊದಲು ಅವರ ಬಾಯಿಂದಲೇ ಕೇಳಿರಿ, ನಂತರ ವಾದಿಸಿರಿ.