ಟೀ ಅನ್ನೋ ಪದದ ಊರು, ನಡುವಟ್ಟಂನ ಚೀನೀಯರು

1/5
ಹಾಸನ ಬಸ್ ಸ್ಟ್ಯಾಂಡಲ್ಲಿ ನಾವು ‘ಟೀ’ ಅಂತೀವಿ. ಹುಬ್ಬಳ್ಳಿ ಕಡೆಯವರು ‘ಚಹಾ’ ಅಂತಾರೆ, ಮಂಗಳೂರಿನವರು ‘ಚಾ’. ಯಾವುದು ಸರಿ ಅಂತ ಹಾಸ್ಟೆಲಲ್ಲಿ ಜಗಳ ಆಡಬೇಡಿ ಫ್ರೆಂಡ್ಸ್, ಎಲ್ಲದರ ಬೇರೂ ಚೀನಾದಲ್ಲೇ ಇದೆ. ಆ ದೇಶದ ಬಹುಭಾಗದಲ್ಲಿ ಈ ಎಲೆಗೆ ‘ಚಾ’ ಅನ್ನೋ ಹೆಸರು. ಆ ಪದ ಪರ್ಷಿಯಾದ ದಾರಿಯಲ್ಲೂ ಮಕಾವ್‌ನಲ್ಲಿದ್ದ ಪೋರ್ಚುಗೀಸರ ಬಾಯಲ್ಲೂ ಹೊರಗೆ ಬಂತು. ಆದರೆ ಫುಜಿಯಾನ್ ಕರಾವಳಿಯ ಜನರ ಮಾತಲ್ಲಿ ಅದು ‘ತೆ’. ಅವರ ಜೊತೆ ವ್ಯಾಪಾರ ಮಾಡಿದ ಡಚ್ಚರು ಆ ಪದವನ್ನು ಯೂರೋಪಿಗೆ ಒಯ್ದರು. ಇಂಗ್ಲಿಷಿನವರ ಕೈ ದಾಟಿ ಅದು ನಮ್ಮ ಹೊಳೆನರಸೀಪುರ, ಅರಕಲಗೂಡಿನ ಕ್ಯಾಂಟೀನಿಗೂ ಬಂತು.

2/5
ಫೋಟೋದಲ್ಲಿರೋ ಸುರುಳಿ ಎಲೆ ಊಲಾಂಗ್. ಹೆಸರಿನ ಅರ್ಥ ‘ಕರಿ ಡ್ರ್ಯಾಗನ್’. ಇದರ ತವರೂ ಅದೇ ಫುಜಿಯಾನ್: ವುಯಿ ಬೆಟ್ಟಗಳು, ಆನ್‌ಶಿ ಸೀಮೆ.
ಗ್ರೀನ್ ಟೀ, ನಮ್ಮ ಖಡಕ್ ಟೀ, ಊಲಾಂಗ್ ಮೂರೂ ಒಂದೇ ಜಾತಿಯ ಗಿಡದ ಎಲೆ. ವ್ಯತ್ಯಾಸ ಇರೋದು ಮಾಡೋ ರೀತಿಯಲ್ಲಿ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತಲ್ಲ, ಎಲೆಯೂ ಹಾಗೇ. ಗ್ರೀನ್ ಟೀನಲ್ಲಿ ಅದಕ್ಕೆ ಅವಕಾಶ ಕೊಡಲ್ಲ. ಖಡಕ್ ಟೀನಲ್ಲಿ ಪೂರ್ತಿ ಆಗೋಕೆ ಬಿಡ್ತಾರೆ. ಊಲಾಂಗ್ ಮಾಡುವವರು ಎಲೆಯನ್ನು ಬಾಡಿಸಿ, ಬಿದಿರಿನ ತಟ್ಟೆಯಲ್ಲಿ ಕುಲುಕಿ ಅಂಚನ್ನು ಮಾತ್ರ ನಲುಗಿಸ್ತಾರೆ. ಅಂಚು ಕೆಂಪಾಗಿ, ನಡುಭಾಗ ಹಸಿರಾಗಿರುವಾಗಲೇ ಬಿಸಿ ಬಾಣಲೆಗೆ ಹಾಕಿ ಅಲ್ಲಿಗೆ ನಿಲ್ಲಿಸ್ತಾರೆ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಹೇಳೋದು ಮೂಗು ಮತ್ತು ಕೈ. ಕಾಫಿ ಹುರಿಯೋ ಮನೆಯವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ.

3/5
ಈ ಕೈಗುಣ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿತ್ತು. ಬ್ರಿಟಿಷರು ಚೀನಾದ ಟೀಗೆ ಮೊದಲು ಬೆಳ್ಳಿ ಕೊಟ್ಟರು, ಆಮೇಲೆ ಭಾರತದಲ್ಲಿ ಬೆಳೆಸಿದ ಅಫೀಮು ಮಾರಿ ಲೆಕ್ಕ ಸರಿದೂಗಿಸಿದರು. ಅದು 1839–42ರ ಯುದ್ಧಕ್ಕೆ ಹೋಯ್ತು. ಅಷ್ಟರಲ್ಲಿ ಅಸ್ಸಾಮಿನಲ್ಲೂ ಟೀ ಗಿಡ ಇರೋದು ಗೊತ್ತಾಗಿತ್ತು. ಆದರೆ ಎಲೆಯನ್ನು ಟೀ ಮಾಡೋಕೆ ಚೀನೀ ಕೆಲಸಗಾರರನ್ನೇ ಕರೆಸಿದರು. 1839ರ ಜನವರಿಯಲ್ಲಿ ಅಸ್ಸಾಮಿನ 8 ಪೆಟ್ಟಿಗೆ ಟೀ ಲಂಡನ್ನಿನಲ್ಲಿ ಹರಾಜಾಯ್ತು. ಆಮೇಲೆ 1848ರಲ್ಲಿ ರಾಬರ್ಟ್ ಫಾರ್ಚೂನ್ ಅನ್ನೋ ಸಸ್ಯತಜ್ಞನನ್ನು ಕಂಪನಿ ಚೀನಾಕ್ಕೆ ಕಳಿಸಿತು. ಅವನು ಚೀನೀ ವೇಷ ಹಾಕ್ಕೊಂಡು ಒಳನಾಡಿಗೆ ಹೋಗಿ, ಸಸಿ, ಬೀಜ, ಕೆಲಸಗಾರರನ್ನು ಹಿಮಾಲಯದ ತೋಟಗಳಿಗೆ ತಂದ.

4/5
ಈಗ ನಮ್ಮ ದಾರಿಗೆ ಬನ್ನಿ. ಸ್ಕೂಲ್ ಟೂರ್‌ಗೆ ಹಾಸನದಿಂದ ಹೊರಟರೂ ಚನ್ನರಾಯಪಟ್ಟಣದಿಂದ ಹೊರಟರೂ ಮೈಸೂರು, ಗುಂಡ್ಲುಪೇಟೆ, ಗೂಡಲೂರು ದಾಟಿ ಊಟಿ ಹತ್ತುವಾಗ ನಡುವಟ್ಟಂ ಸಿಗುತ್ತೆ. ಟೀ ತೋಟದ ಮುಂದೆ ಎಲ್ಲರೂ ಫೋಟೋ ತೆಗೆಸ್ಕೊಳ್ಳೋ ಜಾಗ. 19ನೇ ಶತಮಾನದಲ್ಲಿ ಬ್ರಿಟಿಷರು ಪೆನಾಂಗ್, ಸಿಂಗಾಪುರದ ಕಡೆಯಿಂದ ಮದ್ರಾಸಿಗೆ ಸಾಗಿಸಿದ ಚೀನೀ ಕೈದಿಗಳಲ್ಲಿ ಕೆಲವರು ಈ ನೀಲಗಿರಿಗೆ ಬಂದರು. ಬಿಡುಗಡೆಯಾದ ಮೇಲೆ ಒಂದಷ್ಟು ಜನ ನಡುವಟ್ಟಂ–ಗೂಡಲೂರು ನಡುವೆ ನೆಲೆಸಿ ತಮಿಳು ದಲಿತ ಹೆಣ್ಣುಮಕ್ಕಳನ್ನು ಮದುವೆಯಾದರು. ಎಡ್ಗರ್ ಥರ್ಸ್ಟನ್ 1909ರ ತನ್ನ 7 ಸಂಪುಟಗಳ ಪುಸ್ತಕದಲ್ಲಿ ಇವರ ಬಗ್ಗೆ ಬರೆದಿದ್ದಾನೆ. ಇವರಿಗೇ ಟೀ ಕೆಲಸ ಗೊತ್ತಿತ್ತು ಅಂತ ಬೆಟ್ಟದಲ್ಲಿ ಕಥೆ ಹೇಳ್ತಾರೆ. ಆದರೆ ಥರ್ಸ್ಟನ್ ಕಂಡಿದ್ದು ತರಕಾರಿ, ಕಾಫಿ ಬೆಳೆದು ಬದುಕ್ತಿದ್ದ ಸಂಸಾರಗಳನ್ನ. ಅವರ ಮಕ್ಕಳ ಮೈಬಣ್ಣ, ಮೂಗು, ಕೆನ್ನೆಯ ಮೂಳೆ ಹೇಗಿತ್ತು ಅಂತ ಅವನು ಗುರುತು ಮಾಡ್ಕೊಂಡ. ಆ ಮಕ್ಕಳಿಗೆ ಏನನ್ನಿಸ್ತು ಅಂತ ಕೇಳೋದು ಅವನ ಕೆಲಸವಾಗಿರಲಿಲ್ಲ.
ಅಸ್ಸಾಮಿನ ಕಥೆ ಇನ್ನೂ ಕಹಿ. ಅಲ್ಲಿನ ಮಾಕುಂನಲ್ಲಿ ಚೀನೀ ಕೆಲಸಗಾರರ ಮೊಮ್ಮಕ್ಕಳು ಅಸ್ಸಾಮಿ ಮಾತಾಡ್ಕೊಂಡು ಬೆಳೆದವರು. 1962ರ ಯುದ್ಧ ಬಂದಾಗ ಅವರನ್ನೂ ಹಿಡಿದು ರಾಜಸ್ಥಾನದ ದೇವಲಿ ಶಿಬಿರಕ್ಕೆ ರೈಲು ಹತ್ತಿಸಿದರು. ಎಷ್ಟೋ ಜನ ತಾವು ಹುಟ್ಟಿದ ಊರಿಗೆ ಮತ್ತೆ ಬರಲೇ ಇಲ್ಲ. ಎಲೆ ನಮ್ಮದಾಯ್ತು, ಪದ ನಮ್ಮದಾಯ್ತು. ಎಲೆ ಹದ ಮಾಡೋದು ಕಲಿಸಿದವರ ಮೊಮ್ಮಕ್ಕಳು ಮಾತ್ರ ಹೊರಗಿನವರಾದರು.

5/5
ಊಲಾಂಗ್ ಸಿಕ್ಕಿದ್ರೆ ಹೀಗೆ ಮಾಡಿ. ಹಾಲು, ಸಕ್ಕರೆ ಬೇಡ. ಎಲೆಯನ್ನು ಒಲೆ ಮೇಲೆ ಕುದಿಸಲೇಬೇಡಿ. ಮುಚ್ಚಳ ಇರೋ ಸಣ್ಣ ಪಾತ್ರೆಗೆ 3 ಗ್ರಾಂ ಎಲೆ, 150 ಮಿ.ಲೀ. ಬಿಸಿನೀರು. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರೋದರಿಂದ ನಮ್ಮಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಹುರಿದ ಕಂದು ಊಲಾಂಗ್‌ಗೆ ಅದು ಸರಿಯಾದ ಬಿಸಿ. ಹಸಿರು ಬಗೆಯದಾದ್ರೆ ಎರಡು ನಿಮಿಷ ಆರಲಿ. ಒಂದು ನಿಮಿಷ ಬಿಟ್ಟು ಸೋಸಿ. ಎಲೆ ಎಸೀಬೇಡಿ. ಅದಕ್ಕೇ ಮತ್ತೆ ನೀರು ಹಾಕಿ, ಪ್ರತಿ ಸಲ ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ಮೂರ್ನಾಲ್ಕು ಸಲ ಬರುತ್ತೆ, ಪ್ರತಿ ಸಲ ರುಚಿ ಬೇರೆ. ಕೊನೆಗೆ ಎಲೆ ಬಿಡಿಸಿ ನೋಡಿ, ಕೆಂಪು ಅಂಚು ಕಾಣುತ್ತೆ. ಅದು ಯಾರದೋ ಕೈ ಗುರುತು.

ನಡುವಟ್ಟಂನಲ್ಲಿ ಫೋಟೋ ತೆಗೆದಿದ್ದೀರಾ? ಕಾಮೆಂಟಲ್ಲಿ ಹೇಳಿ. ಮುಂದಿನ ಸರಣಿ: ಹಾಸನದ ಆಲೂಗಡ್ಡೆ ಎಲ್ಲಿಂದ ಬಂತು?

#ನಮ್ಮಹಾಸನ #ಕಪ್ಪಿನಚರಿತ್ರೆ #ಊಲಾಂಗ್